ಗುಂಡಿ ತೋಡದ ಒಡ್ಡು

ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯ ಹಿಂದೆ ಈಗ ಒಂದು ಬಚ್ಚಲಮನೆ ಏಳುತ್ತಿದೆ. ಕಟ್ಟಿಸುತ್ತಿದ್ದೇನೆ ಎಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಗೌಂಡಿ ಕಟ್ಟುತ್ತಾನೆ, ಹೇಗೆ ಕಟ್ಟಬೇಕೆಂದು ನನ್ನ ಹೆಂಡತಿ ಹೇಳುತ್ತಾಳೆ, ನಾನು ಕುರ್ಚಿ ಹಾಕಿಕೊಂಡು ನೋಡುತ್ತೇನೆ. ಇಷ್ಟು ವರ್ಷ ಪತ್ರಿಕೆಯ ಕಚೇರಿಯಲ್ಲಿ ಮಾಡಿದ ಕೆಲಸವೂ ಅದೇ ಆದ್ದರಿಂದ ನನಗೆ ಇದರಲ್ಲಿ ನಾಚಿಕೆಯೇನೂ ಇಲ್ಲ.

ಮೊನ್ನೆ ನೆಲಕ್ಕೆ ಫರಸಿ ಕಲ್ಲು ಹಾಸುವ ಹೊತ್ತಿಗೆ ಮಾತ್ರ ನಾನು ಸುಮ್ಮನಿರಲಾರದೆ ಬಾಯಿ ಹಾಕಿದೆ. ಮೋರಿಯ ಕಡೆಗೆ ಇಳಿಜಾರು ಸರಿಯಾಗಿದೆ, ಇನ್ನೇನೂ ಅಳೆಯುವುದು ಬೇಡ ಎಂದೆ. ಗೌಂಡಿ ನನ್ನನ್ನು ಒಮ್ಮೆ ನೋಡಿದ. ಚೀಲದಿಂದ ಒಳಗಿನದು ಹೊರಗೆ ಕಾಣುವಂಥ ಉದ್ದನೆಯ ಕೊಳವೆಯೊಂದನ್ನು ತೆಗೆದು, ಅದರಲ್ಲಿ ನೀರು ತುಂಬಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಈ ಗೋಡೆಗೆ ಹಿಡಿಸಿದ, ಇನ್ನೊಂದನ್ನು ತಾನು ಆ ಗೋಡೆಗೆ ಹಿಡಿದ. ಎರಡೂ ತುದಿಯಲ್ಲಿ ನೀರು ನಿಂತ ಮಟ್ಟದಿಂದ ನೆಲಕ್ಕೆ ಅಳೆದರೆ, ಇಳಿಜಾರು ಇದ್ದದ್ದು ಮೋರಿಯ ಕಡೆಗಲ್ಲ, ಅಡುಗೆಮನೆಯ ಕಡೆಗೆ.

"ಸಾಹೇಬ್ರ, ನಿಮ್ಮ ಕಣ್ಣಿಗೆ ಅದು ಸರಿ ಕಂಡೈತ್ರಿ. ನೀರಿಗೆ ಸರಿ ಕಂಡಿಲ್ಲ" ಎಂದ.

ನನ್ನ ಹೆಂಡತಿ ಒಳಗಿನಿಂದಲೇ ನಕ್ಕದ್ದು ಕೇಳಿಸಿತು. ನನ್ನ ಕಣ್ಣನ್ನು ನೀರು ಹೀಗೆ ಸುಳ್ಳು ಮಾಡಿದ್ದು ಇದೇ ಮೊದಲಲ್ಲ.

ನಾನು ಖಾನಾಪುರದವನು. ಮಲಪ್ರಭೆಯ ನೀರು ಕುಡಿದು ಬೆಳೆದವನು ಎಂದು ಸಭೆಗಳಲ್ಲಿ ನನ್ನನ್ನು ಪರಿಚಯಿಸುವುದುಂಟು. ಖರೆ ಹೇಳಬೇಕೆಂದರೆ ವರ್ಷದಲ್ಲಿ ಎರಡು ತಿಂಗಳು ನಾವು ಮಲಪ್ರಭೆಯನ್ನು ಕುಡಿಯುತ್ತಿರಲಿಲ್ಲ, ಅಗಿಯುತ್ತಿದ್ದೆವು. ಮೊದಲ ಮಳೆಗಳಿಗೆ ಹೊಳೆ ಕೆಂಪಾಗುತ್ತಿತ್ತು. ಅವ್ವ ಹಂಡೆಯ ತುಂಬ ಆ ನೀರು ತುಂಬಿಟ್ಟು ಪಟಿಕದ ಹರಳನ್ನು ಅದರಲ್ಲಿ ಗಿರಗಿರನೆ ತಿರುಗಿಸುವಳು. ನಾನು ಹಂಡೆಯ ಅಂಚಿಗೆ ಗದ್ದ ಊರಿ ಕೂತು, ನೀರು ತಿಳಿಯಾಗುವುದನ್ನು ಕಾಯುತ್ತಿದ್ದೆ. ಶಾಲೆಗೆ ಹೊತ್ತಾದರೂ ಏಳುತ್ತಿರಲಿಲ್ಲ. ಕೊನೆಗೆ ತಳದಲ್ಲಿ ನಾಲ್ಕು ಬೆರಳು ಕೆಸರು ಕೂರುತ್ತಿತ್ತು, ಮುಟ್ಟಿದರೆ ಬೆಣ್ಣೆಯಷ್ಟು ನಯ. ನೆರೆಯವರ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಬೈಯುವಾಗ ಎರಡನ್ನೂ ಮಾತಾಡುತ್ತಿದ್ದ ನಮ್ಮವ್ವ ಆ ಕೆಸರನ್ನು ದಾಸವಾಳದ ಬುಡಕ್ಕೆ ಸುರಿಯುತ್ತ, "ಯಾರ ಹೊಲಾನೋ ಏನೋ, ಪಾಪ, ನಮ್ಮ ಹಂಡ್ಯಾಗ ಬಂದು ಕೂತದ" ಎನ್ನುತ್ತಿದ್ದಳು. ನಮ್ಮ ದಾಸವಾಳ ಓಣಿಗೇ ಹೆಸರಾಗಿತ್ತು. ಅದಕ್ಕೆ ಪಕ್ಕದ ಮನೆಯವರು ಅವ್ವನ ಕೈಗುಣವನ್ನು ಹೊಗಳುತ್ತಿದ್ದರು, ಅವಳೂ ಬೇಡವೆನ್ನುತ್ತಿರಲಿಲ್ಲ.

ಹೀಗೆ ಹೊಲಗಳನ್ನು ತಿಂದು ಬೆಳೆದವನಿಗೆ ಮುಂದೆ ಪತ್ರಿಕೆಯಲ್ಲಿ ಒಡ್ಡಿನ ಸುದ್ದಿ ಬರೆಯುವ ಕೆಲಸ ಬಂದದ್ದು ನ್ಯಾಯವೇ. ಎಪ್ಪತ್ತರ ದಶಕದಲ್ಲಿ ನಮ್ಮ ಜಿಲ್ಲೆಯ ತುಂಬ ಒಡ್ಡು ಹಾಕುವ ಸರಕಾರಿ ಕಾರ್ಯಕ್ರಮ ನಡೆದಿತ್ತು. ಒಡ್ಡು ಎಂದರೆ ಹೆಚ್ಚೇನಲ್ಲ, ಇಳಿಜಾರಾದ ಹೊಲದಲ್ಲಿ ಮಳೆಯ ನೀರು ಮಣ್ಣನ್ನು ಹೊತ್ತುಕೊಂಡು ಓಡದ ಹಾಗೆ ಅಡ್ಡಲಾಗಿ ಹಾಕುವ ಮಣ್ಣಿನ ದಿಂಡು. ಆದರೆ ಅದು ನಿಮ್ಮ ಹೊಲದ ಗಡಿ, ನನ್ನ ಹೊಲದ ಗಡಿ ನೋಡಿಕೊಂಡು ಹೋಗುವುದಿಲ್ಲ. ನೆಲ ಎಲ್ಲೆಲ್ಲಿ ಒಂದೇ ಮಟ್ಟದಲ್ಲಿದೆಯೋ ಆ ಗೆರೆ ಹಿಡಿದು ಹಾವಿನ ಹಾಗೆ ಹತ್ತು ಮಂದಿಯ ಹೊಲಗಳಲ್ಲಿ ಹಾಯುತ್ತದೆ. ನಡುವೆ ಒಬ್ಬರು ಬೇಡವೆಂದರೂ ಕೆಲಸ ಕೆಟ್ಟಿತು. ತಡೆದ ನೀರೆಲ್ಲ ಆ ಒಂದು ಕಂಡಿಯಲ್ಲಿ ನುಗ್ಗಿ, ಹೊಲವನ್ನೇ ಹಳ್ಳ ಮಾಡಿಬಿಡುತ್ತದೆ.

ಈ ಸುದ್ದಿಗಳನ್ನು ಬೆಳಗಾವಿಯ ನಮ್ಮ ಕಚೇರಿಯಲ್ಲಿ ಯಾರೂ ಕೇಳಿ ಪಡೆಯುತ್ತಿರಲಿಲ್ಲ. ಅವುಗಳ ಜಾಗ ಒಳಪುಟದಲ್ಲಿ, ಪೇಟೆ ಧಾರಣೆಯ ಕೆಳಗೆ, ಎರಡು ಬೆರಳಗಲ. ನಮ್ಮ ಸುದ್ದಿ ಸಂಪಾದಕರು ಮಾತ್ರ ಆ ಎರಡು ಬೆರಳಗಲವನ್ನೂ ಮುಖಪುಟದಷ್ಟೇ ನಿಷ್ಠುರವಾಗಿ ಓದುತ್ತಿದ್ದರು. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬರೆಯಬೇಕು. ಅವರ ವ್ಯಾಕರಣ ಅಷ್ಟೇ. ವಿಶೇಷಣ ಕಂಡರೆ ಅವರ ಕೆಂಪು ಪೆನ್ಸಿಲ್ಲು ತಾನಾಗಿ ಏಳುತ್ತಿತ್ತು. ನಾನು ಅವರ ಶಿಷ್ಯರಲ್ಲಿ ಅಚ್ಚುಕಟ್ಟಾದವನು ಎಂದು ಹೆಸರು ಪಡೆದಿದ್ದೆ, ಆ ಹೆಸರನ್ನು ನಾನೂ ನಂಬಿದ್ದೆ.

ಖಾನಾಪುರದ ಕಡೆ ಒಡ್ಡಿನ ಕೆಲಸ ನೋಡುತ್ತಿದ್ದವರು ವಸಂತರಾವ್ ಎಂಬ ಅಧಿಕಾರಿ. ಜನ ಅವರನ್ನು ಒಡ್ಡಿನ ಸಾಹೇಬರು ಎನ್ನುತ್ತಿದ್ದರು. ತೆಳ್ಳಗಿನ ಆಸಾಮಿ. ಮಟ್ಟ ನೋಡುವ ಅವರ ಯಂತ್ರವನ್ನು ಹಳ್ಳಿಗಳಲ್ಲಿ ದುರ್ಬೀನು ಎಂದು ಕರೆಯುತ್ತಿದ್ದರು. ಅದು ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಬಸ್ಸಿನಲ್ಲಿ ಅವರು ಆ ಪೆಟ್ಟಿಗೆಯನ್ನು ಮೇಲೆ ಇಡಲು ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು. ಒಮ್ಮೆ ಬಾಜೂಕಿನ ಮುದುಕರೊಬ್ಬರು ಬಹಳ ಹೊತ್ತು ನೋಡಿ, "ಭಜನಿ ಯಾವೂರಾಗ ಐತ್ರಿ?" ಎಂದು ಕೇಳಿದರು. ಪೆಟ್ಟಿಗೆ ಅವರಿಗೆ ಬಾಜಾಪೆಟ್ಟಿಗೆಯ ಹಾಗೆ ಕಂಡಿತ್ತು. ವಸಂತರಾವ್ ನಗದೆ, "ಭಜನಿ ಅಲ್ಲರಿ. ಇದು ನೀರಿನ ಪಂಚಾಯ್ತಿ" ಎಂದರು.

ಅಂಥ ಒಂದು ಪಂಚಾಯ್ತಿಗೆ ನಾನೂ ಅವರ ಜೊತೆ ಹೋದೆ. ಆ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ. ಖಾನಾಪುರದಿಂದ ಪೂರ್ವಕ್ಕೆ, ಕೂರಿಗೆಯಿಂದ ಭತ್ತ ಬಿತ್ತುವ ಒಂದು ಊರು. ಬಸವಣ್ಣನ ಗುಡಿಯ ಮುಂದೆ ಜನ ಸೇರಿದ್ದರು. ವಸಂತರಾವ್ ಭಾಷಣ ಮಾಡಲಿಲ್ಲ. ಒಂದು ಮರ ತರಿಸಿದರು, ಕಾಳು ಕೇರುವ ಮರ. ಅದರಲ್ಲಿ ಹೊಲದ ಮಣ್ಣು ಹರವಿ ಓರೆಯಾಗಿ ಇಟ್ಟು, ತಂಬಿಗೆಯಿಂದ ನೀರು ಬಿಟ್ಟರು. ಮಣ್ಣು ಜಾರಿ ಕಟ್ಟೆಯ ಮೇಲೆ ಹರಿಯಿತು. ಮತ್ತೊಮ್ಮೆ ಮಣ್ಣು ಹರವಿ, ಈ ಸಲ ಬೆರಳಿನಿಂದ ಅಡ್ಡ ಒಂದು ಏರು ಎಬ್ಬಿಸಿ ನೀರು ಬಿಟ್ಟರು. ನೀರು ಏರಿನ ಹಿಂದೆ ನಿಂತು ಮೆಲ್ಲಗೆ ಇಂಗಿತು.

"ತಿಳೀತಲ್ಲ? ಇಷ್ಟ ಕೆಲಸ. ಒಡ್ಡಿಗೆ ಬೇಕಾದ ಮಣ್ಣನ್ನ ಅದರ ಮ್ಯಾಲಿನ ಬಾಜೂಕ ಉದ್ದಕ್ಕೂ ಗುಂಡಿ ತೋಡಿ ತಗೋತೇವಿ. ಮೊಣಕಾಲ ಆಳ, ಹೆಚ್ಚಿಗಿ ಏನಿಲ್ಲ" ಎಂದರು.

ಎಲ್ಲರಿಗಿಂತ ಮುಂದೆ ಕೂತಿದ್ದ ಬಸಲಿಂಗಪ್ಪ ಎಂಬ ಹಿರಿಯ ಎದ್ದು ನಿಂತ. ಇಳಿಜಾರಿನ ತೀರ ಕೆಳಗಿನ ಹೊಲ ಅವನದು. ಮೇಲಿನವರ ನೀರೆಲ್ಲ ಅವನ ಬೆಳೆಯ ಮೇಲೆಯೇ ಹಾಯುತ್ತಿತ್ತು, ಆದ್ದರಿಂದ ಒಡ್ಡಿನ ಬಗ್ಗೆ ಅವನಿಗೆ ಎಲ್ಲರಿಗಿಂತ ಅವಸರ. ಎಲೆ ಅಡಿಕೆಯ ತಟ್ಟೆ ತರಿಸಿ, ಒಬ್ಬೊಬ್ಬರ ಮುಂದೆಯೂ ತಾನೇ ಹಿಡಿದುಕೊಂಡು ಬಂದ. ನಮ್ಮ ಕಡೆ ಪಂಚರ ಮುಂದೆ ಎಲೆ ಎತ್ತಿದರೆ ಮಾತು ಕೊಟ್ಟ ಹಾಗೆ. ಆ ಒಡ್ಡಿನ ಗೆರೆಯಲ್ಲಿ ಹೊಲ ಇದ್ದವರೆಲ್ಲ ಎಲೆ ಎತ್ತಿದರು. ಕಂಬದ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಬಸಲಿಂಗಪ್ಪ ಅಲ್ಲಿಗೂ ತಟ್ಟೆ ಒಯ್ದ. ಆಕೆ ಒಂದು ಕ್ಷಣ ತಟ್ಟೆಯನ್ನೂ ಅವನನ್ನೂ ನೋಡಿ, ಸೆರಗು ಸರಿಮಾಡಿಕೊಂಡು ಎಲೆ ತೆಗೆದುಕೊಂಡಳು. ನಾನು ಹೆಸರು ಕೇಳಿ ಬರೆದುಕೊಂಡೆ. ನೀಲವ್ವ. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡಿದ್ದ. ಬಸಲಿಂಗಪ್ಪನ ಹೊಲಕ್ಕೆ ಹೊಂದಿದ ಮೇಲಿನ ಹೊಲ ಅವಳದು.

ಮರುದಿನ ಎರಡು ಬೆರಳಗಲ ಬಂತು. ಎಲ್ಲರೂ ಒಪ್ಪಿದರು ಎಂದು ನಿಲ್ಲಿಸಿದ್ದರೆ ಸಾಕಿತ್ತು. ನಾನು ಮುಂದುವರಿದು, "ವಿಧವೆಯಾದ ನೀಲವ್ವ ಅವರೂ ಸ್ವತಃ ಮುಂದೆ ಬಂದು ಒಪ್ಪಿಗೆ ನೀಡಿದ್ದು ವಿಶೇಷವಾಗಿತ್ತು" ಎಂದು ಬರೆದಿದ್ದೆ. ಕೆಂಪು ಪೆನ್ಸಿಲ್ಲು ಅಂದು ರಜೆಯ ಮೇಲಿತ್ತು.

ಒಂದು ವಾರದ ಮೇಲೆ ನೀಲವ್ವ ಕಚೇರಿಗೆ ಬಂದಳು. ಬಸ್ ನಿಲ್ದಾಣದಿಂದ ಬಿಸಿಲಲ್ಲಿ ದಾರಿ ಕೇಳಿಕೊಂಡು ನಡೆದೇ ಬಂದಿದ್ದಳು. ಬಗಲಲ್ಲಿ ಬುತ್ತಿಗಂಟು, ಅದರ ಒಳಗಿನಿಂದ ನಾಲ್ಕಾಗಿ ಮಡಚಿದ ನಮ್ಮ ಪತ್ರಿಕೆ. ಕೂರಿ ಎಂದರೆ ಕೂರಲಿಲ್ಲ.

"ಇದನ್ನ ಬರದಾವರು ಯಾರ್ರಿ?"

"ನಾನ."

ಆಕೆ ನನ್ನನ್ನು ಸ್ವಲ್ಪ ನಿರಾಶೆಯಿಂದ ನೋಡಿದಳು. ಇನ್ನೂ ವಯಸ್ಸಾದ, ಕನ್ನಡಕದ ಮನುಷ್ಯನನ್ನು ನಿರೀಕ್ಷಿಸಿದ್ದಿರಬೇಕು.

"ಅಣ್ಣಾರ, ಇದರಾಗಿಂದ ನನ್ನ ಹೆಸರ ತೆಗೀರಿ. ನಾ ಎಲ್ಲಿ ಒಪ್ಪೇನ್ರಿ? ಹೆಬ್ಬಟ್ಟ ಒತ್ತಂತ ಒಡ್ಡಿನ ಸಾಹೇಬ್ರು ಬಂದಿದ್ರು, ನಾ ಆಗೂದಿಲ್ಲ ಅಂದೆ. ಬಸಲಿಂಗಪ್ಪಕಾಕಾ ಈ ಪೇಪರ ಹಿಡಕೊಂಡ ಊರ ತುಂಬ ಅಡ್ಡಾಡಾಕ ಹತ್ಯಾನ. ಪೇಪರದಾಗ ಬಂದೈತಿ, ಇನ್ನ ನೀ ಹೆಂಗ ಇಲ್ಲ ಅಂತಿ ಅಂತಾನ."

"ಮತ್ತ ನೀವು ಎಲಿ ತಗೊಂಡ್ರಲ್ಲ ಅಕ್ಕಾರ? ನಾನ ಕಣ್ಣಾರೆ ನೋಡೀನಿ."

ಆಕೆ ಬುತ್ತಿಗಂಟನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲಿ ಕೂತಳು.

"ನಮ್ಮವರ ಹೋದ ಮ್ಯಾಲೆ ನಾಕ ಮಂದ್ಯಾಗ ನನಗ ಯಾರೂ ಎಲಿ ಕೊಟ್ಟಿದ್ದಿಲ್ರಿ. ಅವತ್ತ ಕೊಟ್ರು. ಹೊಲದಾಕಿ ಅಂತ ಕೊಟ್ರು. ಹೆಂಗ ಬ್ಯಾಡ ಅನ್ನಲಿ?"

ಖಾನಾಪುರದಲ್ಲೇ ಹುಟ್ಟಿ ಬೆಳೆದು, ಎಲೆ ಎತ್ತುವುದರ ಅರ್ಥ ನನಗೆ ಗೊತ್ತು ಎಂದುಕೊಂಡಿದ್ದವನಿಗೆ ಅದರ ಅರ್ಧ ಮಾತ್ರ ಗೊತ್ತಿತ್ತು. ಹೊರಗಿನ ವರದಿಗಾರನಾಗಿದ್ದರೆ ಆಕೆ ಎಲೆ ತೆಗೆದುಕೊಂಡದ್ದನ್ನು ಗಮನಿಸುತ್ತಲೇ ಇರಲಿಲ್ಲ, ತಪ್ಪೂ ಮಾಡುತ್ತಿರಲಿಲ್ಲ.

ಒಡ್ಡು ಯಾಕೆ ಬೇಡ ಎಂದು ಕೇಳಿದೆ.

"ಒಡ್ಡ ಬ್ಯಾಡ ಅಂದಿಲ್ರಿ. ಸಾಹೇಬ್ರು ಸುಣ್ಣದ ಗೆರಿ ಎಳದಾರಲ್ಲ, ಅದರ ಮ್ಯಾಲ ಬಾಜೂಕ ಗುಂಡಿ ತೋಡತಾರ. ಅಲ್ಲೇ ನಮ್ಮವರನ್ನ ಮಣ್ಣ ಮಾಡೇವಿ."

ನಮ್ಮ ಕಡೆ ಲಿಂಗವಂತರು ತಮ್ಮವರನ್ನು ಸ್ವಂತ ಹೊಲದಲ್ಲೇ ಇಡುವುದು ಹೊಸದೇನಲ್ಲ. ಮೇಲೆ ಒಂದು ಕಟ್ಟೆಯನ್ನೋ ಕಲ್ಲನ್ನೋ ಕಾಣುತ್ತೇವೆ. ಇಲ್ಲಿ ಅದೂ ಇರಲಿಲ್ಲ. ಇದ್ದದ್ದು ಸ್ವಲ್ಪ ಹೊಲ, ಅದರಲ್ಲಿ ತನಗಾಗಿ ಒಂದು ಮೊಳವೂ ಹಾಳು ಬೀಳಬಾರದು, ಕಲ್ಲು ನೆಡಬೇಡ, ಮೇಲೆ ಬಿತ್ತು ಎಂದು ಗಂಡ ಹೇಳಿ ಹೋಗಿದ್ದನಂತೆ. ಆಕೆ ಎರಡು ವರ್ಷವೂ ಅಲ್ಲಿ ಬಿತ್ತಿದ್ದಳು.

"ಇದನ್ನ ಸಾಹೇಬರಿಗೆ ಯಾಕ ಹೇಳಲಿಲ್ಲ?"

"ಹೊಲಾ ಎಷ್ಟೈತಿ ಅಂತ ಕೇಳಿದ್ರು, ಹೇಳಿದೆ. ಅದರಾಗ ಯಾರದಾರ ಅಂತ ಕೇಳಲಿಲ್ಲ."

ಗಂಡನ ಹೆಸರು ಕೇಳಿದೆ, ಬರೆದುಕೊಳ್ಳುವ ಚಟ. ಆಕೆ ಗಂಡನ ಹೆಸರು ಹೇಳುವವಳಲ್ಲ. "ಗುಡ್ಯಾಗಿನ ದೇವರ ಹೆಸರ್ರಿ, ಅದಕ್ಕ ಅಪ್ಪ ಹಚ್ಚ್ರಿ, ಮುಂದ ಚನ್ನ ಅಂತ ಹಚ್ಚ್ರಿ" ಎಂದಳು. ನಾನು ಚನ್ನಬಸಪ್ಪ ಎಂದು ಕೂಡಿಸಿ ಬರೆದುಕೊಂಡು ಓದಿದಾಗ ಹೌದೆಂದು ತಲೆ ಬಾಗಿಸಿ, ಸ್ವಲ್ಪ ನಾಚಿಕೊಂಡಳು.

ಸುದ್ದಿ ಸಂಪಾದಕರು ತಮ್ಮ ಮೇಜಿನಲ್ಲಿ ಕೂತೇ ಎಲ್ಲ ಕೇಳಿಸಿಕೊಂಡಿದ್ದರು. ನಾನು ತಿದ್ದುಪಡಿ ಬರೆದು ಒಯ್ದೆ. "ಕಣ್ತಪ್ಪಿನಿಂದ ಹಾಗೆ ಪ್ರಕಟವಾಗಿದೆ" ಎಂದಿತ್ತು. ಅವರು ಕಣ್ತಪ್ಪು ಎಂಬ ಪದವನ್ನು ಹೊಡೆದರು.

"ಕಣ್ಣು ನಿಂದು ಸರಿನೇ ಇತ್ತಪಾ. ಆಕಿ ಎಲಿ ತಗೊಂಡದ್ದು ಕಂಡಿ. ಒಪ್ಪಿದ್ದು ಕಂಡಿಯೇನು?"

ತಿದ್ದುಪಡಿ ಹೀಗೆ ಬಂತು: ನೀಲವ್ವ ಅವರು ಒಪ್ಪಿಗೆ ನೀಡಿಲ್ಲ. ನೀಡಿದ್ದಾರೆಂದು ಬರೆದದ್ದು ನಮ್ಮ ತಪ್ಪು.

ಪತ್ರಿಕೆಯ ಲೆಕ್ಕದಲ್ಲಿ ಅಲ್ಲಿಗೆ ವಿಷಯ ಮುಗಿಯಿತು. ಆದರೆ ಊರಿನ ಲೆಕ್ಕದಲ್ಲಿ ಅದು ಕೆಟ್ಟಿತು. ಆಕೆಯ ಒಪ್ಪಿಗೆ ಇಲ್ಲವೆಂದರೆ ಒಡ್ಡು ಇಲ್ಲ. ಮಣ್ಣಿನ ಕೆಲಸದವರ ತಂಡ ಬಂದು ಊರ ಹೊರಗೆ ಬಿಡಾರ ಹೂಡಿತ್ತು, ಈ ಊರಲ್ಲಿ ಕೆಲಸವಿಲ್ಲದಿದ್ದರೆ ಎರಡು ದಿನದಲ್ಲಿ ಮುಂದಿನ ಊರಿಗೆ ಹೋಗಿಬಿಡುತ್ತಿತ್ತು. ಆಮೇಲೆ ಮಳೆ. ಊರಿನವರೆಲ್ಲರ ಒಡ್ಡು ಒಂದು ಕಡೆ, ನೀಲವ್ವನ ಗಂಡ ಮಲಗಿದ ನಾಲ್ಕು ಮೊಳ ಜಾಗ ಒಂದು ಕಡೆ ಎನ್ನುವಂತಾಯಿತು. ಅವಳು ಅದೇ ಊರಲ್ಲಿ ಬಾಳಬೇಕಾದವಳು.

ನಾನು ರಜೆ ಹಾಕಿ ಬೆಳಗಿನ ರೈಲು ಹಿಡಿದೆ. ನಮ್ಮ ಆ ಸಣ್ಣ ಹಳಿಯ ರೈಲು ಬೆಳಗಾವಿಯಿಂದ ಖಾನಾಪುರಕ್ಕೆ ಯಾವತ್ತೂ ಅವಸರ ಮಾಡಿದ್ದಲ್ಲ. ಕಿಟಕಿಯ ಬಳಿ ಕೂತರೆ ಕಲ್ಲಿದ್ದಲಿನ ಒಂದು ಕಣ ಕಣ್ಣಿಗೆ ಬೀಳುವುದು ಗ್ಯಾರಂಟಿ. ಆ ದಿನವೂ ಬಿತ್ತು. ಖಾನಾಪುರದಲ್ಲಿ ಇಳಿದಾಗ ನನ್ನ ಒಂದು ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ವಸಂತರಾವ್ ನನ್ನನ್ನು ನೋಡಿ, "ಅಷ್ಟ್ಯಾಕ ಮನಸ್ಸಿಗೆ ಹಚ್ಚಿಕೊಂಡ್ರಿ? ತಿದ್ದುಪಡಿ ಹಾಕೀರಲ್ಲ" ಎಂದು ಸಮಾಧಾನ ಮಾಡಿದರು. ಕಲ್ಲಿದ್ದಲು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಹೊಲದ ವಿಷಯ ಹೇಳಿದೆ. ಅವರು ಪೆಟ್ಟಿಗೆ ಎತ್ತಿಕೊಂಡರು.

ನಾವು ಹೋಗುವ ಹೊತ್ತಿಗೆ ಬಸಲಿಂಗಪ್ಪ ಹೊಲದ ಬದುವಿನ ಮೇಲೆ ನಾಲ್ಕೈದು ಮಂದಿಯ ಜೊತೆ ನಿಂತಿದ್ದ.

"ಬರ್ರಿ ಬರ್ರಿ ಪೇಪರ್ ಸಾಹೇಬ್ರ. ಮೊದಲ ಹೌದಂತ ಬರದ್ರಿ. ಆಮ್ಯಾಲ ಅಲ್ಲಂತ ಬರದ್ರಿ. ನಾಳಿಗಿ ಏನ ಬರೀತೀರಿ, ಈ ಊರ ಇಲ್ಲೇ ಇಲ್ಲಂತೇನು?"

ಉಳಿದವರು ನಕ್ಕರು. ಅದೃಷ್ಟಕ್ಕೆ ಅಷ್ಟರಲ್ಲಿ ನೀಲವ್ವ ಮೇಲಿನಿಂದ ಇಳಿದು ಬಂದಳು.

ವಸಂತರಾವ್ ದುರ್ಬೀನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದರು. ಅಳತೆಕೋಲು ಹಿಡಿಯುವ ಅವರ ಆಳು ಅಂದು ಬಂದಿರಲಿಲ್ಲ, ಕೋಲು ನನ್ನ ಕೈಗೆ ಬಂತು. ನಾನು ಗಂಭೀರವಾಗಿ ಹಿಡಿದು ನಿಂತೆ. ತಲೆಕೆಳಗಾಗಿ ಹಿಡಿದಿದ್ದೇನೆ ಎಂದು ಬಸಲಿಂಗಪ್ಪನೇ ಹೇಳಬೇಕಾಯಿತು. ಆಮೇಲೆ ವಸಂತರಾವ್ ನನ್ನನ್ನು ಕರೆದು ಒಮ್ಮೆ ಒಳಗೆ ನೋಡಿಸಿದರು. ಆ ದುರ್ಬೀನಿನಲ್ಲಿ ಲೋಕವೇ ತಲೆಕೆಳಗಾಗಿ ಕಾಣುತ್ತದೆ, ಅದನ್ನು ನೇರ ಮಾಡಿಕೊಂಡು ಓದುವುದು ನೋಡುವವರ ಕೆಲಸ.

"ಎಲ್ಲಿ ತೋರಸ್ರಿ ನೀಲವ್ವಾ" ಎಂದರು ವಸಂತರಾವ್.

ಸುಗ್ಗಿ ಮುಗಿದು ಬರಿದಾದ ಹೊಲ. ನನಗಂತೂ ಎಲ್ಲ ಒಂದೇ ಹಾಗೆ ಕಂಡಿತು. ನೀಲವ್ವ ಯಾವ ಗುರುತೂ ನೋಡಲಿಲ್ಲ, ಹೆಜ್ಜೆ ಎಣಿಸಲಿಲ್ಲ. ಅಡುಗೆಮನೆಯಲ್ಲಿ ಕತ್ತಲಲ್ಲೂ ಉಪ್ಪಿನ ಗಡಿಗೆಗೆ ಕೈ ಹಾಕುವವರ ಹಾಗೆ ನೆಟ್ಟಗೆ ಹೋಗಿ ಒಂದು ಕಡೆ ನಿಂತಳು. ಆಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಇಲ್ಲೇರಿ. ಅವರೂ ಹಿಂಗ ಕುಂತಾರ. ಹೊಲದ ಕಡೆ ಮಾರಿ ಮಾಡಿ."

ಲಿಂಗವಂತರು ಕೂರಿಸಿಯೇ ಇಡುತ್ತಾರೆ. ಮಲಗಿದ ಎಂದು ನಾನು ಮೇಲೆ ಬರೆದದ್ದು ತಪ್ಪು, ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಸುಣ್ಣದ ಗೆರೆ ಆಕೆ ಕೂತಲ್ಲಿಂದ ಎರಡು ಮಾರು ಕೆಳಗಿತ್ತು. ಗುಂಡಿಗಳು ಬರುವುದು ಸರಿಯಾಗಿ ಆಕೆ ಕೂತಲ್ಲಿಗೇ. ವಸಂತರಾವ್ ತಮ್ಮ ಚಪ್ಪಲಿಗಳನ್ನು ಕಳಚಿ ಬದುವಿನ ಮೇಲೆ ಬಿಟ್ಟು ಬಂದರು.

ಬಸಲಿಂಗಪ್ಪ ಸುಲಭಕ್ಕೆ ಬಿಡುವವನಲ್ಲ. "ನೀಲವ್ವಾ, ಮೊಣಕಾಲ ಮಟ ಗುಂಡಿ ಅದು. ಅಷ್ಟ ಆಳಕ್ಕ ಎಲ್ಲಿ ಮುಟ್ಟತೈತಿ? ನೀ ಅದರ ಮ್ಯಾಲೆ ರಂಟಿ ಹೊಡಸೀದಿ, ಬಿತ್ತೀದಿ. ಆಗ ನಡೀತು?"

"ಕಾಕಾ, ನಿಮ್ಮ ಮಾಳಿಗಿ ಮ್ಯಾಲಿನ ಮಣ್ಣ ಮೊಣಕಾಲ ಮಟ ತಗದ್ರ ಒಳಗ ನೀವು ಸುಮ್ನ ಕುಂದರ್ತೀರೇನು?" ಆಕೆ ಕೂತಲ್ಲಿಂದ ಅಲುಗಲಿಲ್ಲ. "ಬಿತ್ತ ಅಂತ ಅವರ ಹೇಳ್ಯಾರ, ಬಿತ್ತೇನಿ. ತೋಡ ಅಂತ ಹೇಳಿಲ್ಲ. ನಿಮಗ ಮಣ್ಣ ಹಾಕೂದಿದ್ರ ಹಾಕ್ರಿ, ನಾ ಬ್ಯಾಡ ಅನ್ನೂದಿಲ್ಲ. ತೆಗೀಬ್ಯಾಡ್ರಿ."

ವಸಂತರಾವ್ ಥಟ್ಟನೆ ತಿರುಗಿದರು. "ಏನಂದ್ರಿ? ಹಾಕಬಹುದು?"

"ಹಾಕ್ರಿ. ಮಣ್ಣ ಹಾಕೂದು ಹೊಸದೇನ್ರಿ ಅವರಿಗೆ?"

ಅವರು ದುರ್ಬೀನಿನ ಹಿಂದೆ ಹೋದರು. ನಾನು ಕೋಲು ಹಿಡಿದು ಅವರು ಕೈ ಮಾಡಿದಲ್ಲೆಲ್ಲ ನಿಂತೆ, ಈ ಸಲ ನೆಟ್ಟಗೆ. ಬಹಳ ಹೊತ್ತು ಅಳೆದು, ಬರೆದು, ಬೆವರು ಒರೆಸಿಕೊಂಡು ಹೇಳಿದರು.

"ಗೆರಿ ಕೆಳಗ ಸರಿಸಿದ್ರ ನೀರು ಅಲ್ಲೇ ಒಡೀತದ. ಮ್ಯಾಲೆ ಸರಿಸಿದ್ರ ಒಡ್ಯೂದಿಲ್ಲ, ಇಷ್ಟ ನೀರು ಕಡಿಮಿ ನಿಲ್ಲತದ, ಅಷ್ಟ. ಒಡ್ಡನ್ನ ಇಲ್ಲಿ ಎರಡು ಮಾರು ಮ್ಯಾಲೆ ಬಾಗಸ್ತೇನಿ. ಅವರ ತಲಿ ಮ್ಯಾಲೇ ಹೋಗತದ. ಈ ಇಪ್ಪತ್ತು ಹೆಜ್ಜಿಗೆ ಗುಂಡಿ ತೋಡೂದಿಲ್ಲ."

ನೀಲವ್ವನ ಮುಖ ನೋಡಿದೆ. ಆಕೆ ಕೇಳಿಸಿಕೊಂಡು, ಎದುರಿಗಿದ್ದ ಮಣ್ಣನ್ನು ಅಂಗೈಯಿಂದ ಒಮ್ಮೆ ಸವರಿದಳು. ಅಷ್ಟೇ.

"ಆದ್ರ ಒಂದು ತೊಡಕದ" ಎಂದರು ವಸಂತರಾವ್. ಕೂಲಿಯವರು ಎಷ್ಟು ಮಣ್ಣು ಹಾಕಿದರೆಂದು ಗೊತ್ತಾಗುವುದು ಅವರು ತೋಡಿದ ಗುಂಡಿ ಅಳೆದಾಗ. ಗುಂಡಿ ಇಲ್ಲದ ಮಣ್ಣಿಗೆ ಸರಕಾರದ ಕೂಲಿ ಪುಸ್ತಕದಲ್ಲಿ ಜಾಗವಿಲ್ಲ. "ಈ ಇಪ್ಪತ್ತು ಹೆಜ್ಜಿಯ ಮಣ್ಣು ಎಲ್ಲಿಂದರ ಬರಬೇಕು, ಯಾರರ ತರಬೇಕು. ಅದನ್ನ ನಾ ಯಾರಿಗೂ ಹೇಳಲಿಕ್ಕಾಗೂದಿಲ್ಲ."

ಬದುವಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಬೇಸಿಗೆಯಲ್ಲಿ ತನ್ನ ಹೊಲದ ಮೇಲ್ಮಣ್ಣನ್ನು ಕೆರೆದು ಇನ್ನೊಬ್ಬರಿಗೆ ಕೊಡುವ ರೈತನನ್ನು ನಾನು ನೋಡಿಲ್ಲ. "ನಾನ ಹೊರತೇನ್ರಿ" ಎಂದಳು ನೀಲವ್ವ. ಒಬ್ಬಳೇ ಬುಟ್ಟಿಯಲ್ಲಿ ಹೊತ್ತರೆ ಅದು ದೀಪಾವಳಿಯವರೆಗೂ ಮುಗಿಯುವ ಕೆಲಸವಲ್ಲ. ಪಶ್ಚಿಮದ ಕಡೆ ಮೋಡ ಆಗಲೇ ಕಟ್ಟುತ್ತಿತ್ತು. ಬಸಲಿಂಗಪ್ಪ ಹೊರಟುಹೋದ.

ಊರಿಗೆ ವಾಪಸು ನಡೆಯುತ್ತ ನೀಲವ್ವ ನನಗೆ ಒಂದು ಸಂಗತಿ ಹೇಳಿದಳು. ಪ್ರತಿ ವರ್ಷ ದೊಡ್ಡ ಮಳೆಯ ಮರುದಿನ ಅವಳ ಗಂಡ ಬದುವಿನ ಮೇಲೆ ನಿಂತು ಬಸಲಿಂಗಪ್ಪನನ್ನು ಕೂಗುತ್ತಿದ್ದನಂತೆ. "ಕಾಕಾ, ನನ್ನ ಮಣ್ಣ ನಿಮ್ಮ ಮನಿಗೆ ಬೀಗತನಕ್ಕ ಬಂದೈತಿ. ಉಂಡದ್ದ ಸಾಕು, ತಿರುಗಿ ಕಳಸ್ರಿ." ಅವನು ಕೆಳಗಿನಿಂದ, "ನಾ ಕರದಿಲ್ಲಪಾ, ತನ್ನ ಕಾಲಿಲೆ ಬಂದೈತಿ. ಹೋಗೂದಾದ್ರ ತನ್ನ ಕಾಲಿಲೆ ಹೋಗ್ಲಿ" ಎನ್ನುತ್ತಿದ್ದನಂತೆ. ಮೊದಮೊದಲು ನಗೆಯ ಮಾತು. ಬರಬರುತ್ತ ಇಬ್ಬರೂ ನಗುವುದನ್ನು ಬಿಟ್ಟರು. ಕೊನೆಯ ಮೂರು ವರ್ಷ ಮಾತೂ ಇರಲಿಲ್ಲ. ಮಣ್ಣು ಮಾಡುವ ದಿನ ಬಸಲಿಂಗಪ್ಪ ಬಂದು ದೂರ ನಿಂತು ಹೋಗಿದ್ದ.

ನಾನು ರಾತ್ರಿ ಖಾನಾಪುರದಲ್ಲಿ ಉಳಿದು ಬೆಳಿಗ್ಗೆ ಮತ್ತೆ ಹೋದೆ. ಸುದ್ದಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನೀಲವ್ವ ಹೆಬ್ಬಟ್ಟು ಒತ್ತಿದ್ದರಿಂದ ಒಡ್ಡಿನ ಕೆಲಸ ಎರಡೂ ತುದಿಯಿಂದ ಶುರುವಾಗಿತ್ತು. ನಡುವಿನ ಇಪ್ಪತ್ತು ಹೆಜ್ಜೆ ಬರಿದಾಗಿತ್ತು. ನೀಲವ್ವ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಅಲ್ಲಿ ಸುರಿಯುತ್ತಿದ್ದಳು. ಸುರಿದದ್ದು ಇನ್ನೂ ಒಂದು ಹೊಸ್ತಿಲಿನಷ್ಟು ಎತ್ತರವೂ ಆಗಿರಲಿಲ್ಲ.

ಆಗ ಕೆಳಗಿನಿಂದ ಒಂದು ಚಕ್ಕಡಿ ಏರು ಹತ್ತಿ ಬಂತು. ಎತ್ತುಗಳು ಏದುಸಿರು ಬಿಡುತ್ತಿದ್ದವು. ಬಸಲಿಂಗಪ್ಪ ಮುಂದೆ ನಡೆಯುತ್ತ, ಯಾರನ್ನೂ ನೋಡದೆ, ಚಕ್ಕಡಿಯನ್ನು ನೀಲವ್ವನ ಹತ್ತಿರಕ್ಕೇ ತಂದು ನಿಲ್ಲಿಸಿದ. ತುಂಬ ಮಣ್ಣಿತ್ತು.

"ಎಲ್ಲಿದು ಕಾಕಾ ಮಣ್ಣ?"

"ನಿಂದ."

ನೀಲವ್ವನಿಗೆ ಅರ್ಥವಾಗಲಿಲ್ಲ.

"ನನ್ನ ಹೊಲದ ಮೂಲ್ಯಾಗ ಬಂದ ಕುಂತಿತ್ತಲ್ಲ, ಎಷ್ಟೋ ವರ್ಷದ್ದ. ನಿಮ್ಮ ಹೊಲದ್ದ ಮಣ್ಣ ಅದು. ಅಂವ ಕೇಳಿದಾಗ ಕೊಡಲಿಲ್ಲ." ಬಸಲಿಂಗಪ್ಪ ಎತ್ತಿನ ಕೊರಳು ಸವರುತ್ತ ಅದಕ್ಕೇ ಹೇಳುವವನ ಹಾಗೆ ಹೇಳಿದ. "ಇನ್ನೂ ನಾಕ ಚಕ್ಕಡಿ ಆಗತೈತಿ. ಹಿಂದ ನನ್ನ ತಮ್ಮನ ಚಕ್ಕಡಿನೂ ಬರಾಕ ಹತ್ತೇತಿ."

ನೀಲವ್ವ ಚಕ್ಕಡಿಯಿಂದ ಒಂದು ಹೆಂಟೆ ಎತ್ತಿಕೊಂಡು ಅಂಗೈಯಲ್ಲಿ ಪುಡಿಮಾಡಿದಳು. ನಯವಾದ ಮಣ್ಣು. ಬೆರಳ ನಡುವಿನಿಂದ ಇಳಿಯಿತು. "ಹೌದ್ರಿ" ಎಂದಳು, "ಇದು ಅವರ ಹರಗಿದ್ದ ಮಣ್ಣ."

ಆಮೇಲೆ ಎಲ್ಲರೂ ಕೈ ಹಚ್ಚಿದರು. ಘಟನೆಯಲ್ಲಿ ವರದಿಗಾರ ಕೈ ಹಾಕಬಾರದು ಎನ್ನುವುದು ನಮ್ಮ ಕಚೇರಿಯ ಇನ್ನೊಂದು ನಿಯಮ. ವಸಂತರಾವ್ ನನ್ನ ಕೈಗೆ ಬುಟ್ಟಿ ಕೊಟ್ಟಾಗ ನನಗೆ ಆ ನಿಯಮ ನೆನಪಾಯಿತು, ಬುಟ್ಟಿಯನ್ನು ಇಸಿದುಕೊಂಡೆ.

ಹಾಕಿದ ಮಣ್ಣನ್ನು ಪದರು ಪದರಾಗಿ ತುಳಿಯಬೇಕು, ಇಲ್ಲವಾದರೆ ಮೊದಲ ಮಳೆಗೇ ಒಡ್ಡು ಕೂತುಬಿಡುತ್ತದೆ. ಎರಡೂ ಕಡೆಯಿಂದ ತುಳಿಯುತ್ತ ಬಂದ ಕೂಲಿಯವರು ಆ ಜಾಗದ ಹತ್ತಿರ ಬಂದು ನಿಂತರು. ವಿಷಯ ಅವರಿಗೂ ತಿಳಿದಿತ್ತು. ಬಸಲಿಂಗಪ್ಪ ಒಂದು ಕಾಲು ಎತ್ತಿ, ಮತ್ತೆ ಕೆಳಗಿಟ್ಟ. "ಹೆಂಗ ತುಳೀಲಿ? ಅಂವ ಕುಂತಾನ" ಎಂದ. ವಸಂತರಾವ್ ದುರ್ಬೀನನ್ನು ಒರೆಸುವ ನೆಪದಲ್ಲಿ ಆ ಕಡೆ ತಿರುಗಿದರು.

ನೀಲವ್ವ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡಳು.

"ಸರೀರಿ ಎಲ್ಲಾರೂ. ನಾ ತುಳೀತೇನಿ. ನನ್ನ ಹೆಜ್ಜಿ ಅವರಿಗೆ ಗುರ್ತ ಐತಿ."

ಒಡ್ಡಿನ ಮೇಲೆ ಹತ್ತಿ ಆಕೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಒಂದು ಹೆಜ್ಜೆಯ ಪಕ್ಕಕ್ಕೆ ಇನ್ನೊಂದನ್ನು ಒತ್ತಿ ಇಡುತ್ತ, ಎಲ್ಲಿಯೂ ಬಿಡದ ಹಾಗೆ ನಡೆದಳು. ಆಕೆ ದಾಟಿದ ಮೇಲೆ ಬಸಲಿಂಗಪ್ಪ ಒಂದು ಬುಟ್ಟಿ ಮಣ್ಣು ಬಗ್ಗಿ ಸದ್ದಾಗದಂತೆ ಸುರಿಯುವನು. ಆಕೆ ತಿರುಗಿ ಬಂದು ಅದನ್ನು ತುಳಿಯುವಳು.